ಲೋಡರ್ ಬಕೆಟ್ಟಿಗೆ ಟೂತ್ ಬಾರ್ ಕೂರಿಸುವುದು: ಫಿಟ್ಟರ್, ಟ್ರ್ಯಾಕ್ಟರ್ ಮೆಕ್ಯಾನಿಕ್ ಕಲಿಯುವವರಿಗೆ

ಟೂತ್ ಬಾರ್ ಎಂದರೆ ಬಕೆಟ್ಟಿನ ಅಂಚಿಗೆ ಕೂರಿಸುವ, ಹಲ್ಲುಗಳಿರುವ ಉಕ್ಕಿನ ಪಟ್ಟಿ. ಟ್ರ್ಯಾಕ್ಟರ್ ಲೋಡರಿನ ಬಕೆಟ್ ಅಂಚು ನೇರವಾಗಿರುತ್ತದೆ. ತಿಪ್ಪೆಗೊಬ್ಬರ, ಮರಳು, ಸಡಿಲ ಮಣ್ಣು ತುಂಬಲು ಅದೇ ಸರಿ. ಆದರೆ ವಿಜಯಪುರ, ಬಾಗಲಕೋಟೆ ಸೀಮೆಯ ಎರೆಹೊಲ ಬೇಸಿಗೆಯಲ್ಲಿ ಒಣಗಿ ಬಿರುಕು ಬಿಟ್ಟಾಗ, ಕೆರೆಯ ಹೂಳು ಹೆಂಟೆಗಟ್ಟಿದಾಗ, ಖಾನಾಪುರ ಕಡೆಯ ಜಂಬಿಟ್ಟಿಗೆ ನೆಲದಲ್ಲಿ ಈ ಅಂಚು ಒಳಗೆ ಇಳಿಯುವುದಿಲ್ಲ. ಬಕೆಟ್ ಒತ್ತಿದರೆ ಮುಂದಿನ ಗಾಲಿ ಏಳುತ್ತದೆ, ಹಿಂದಿನ ಗಾಲಿ ಜಾರುತ್ತದೆ. 1580 ಮಿ.ಮೀ. ಅಂಚಿನ ಮೇಲೆ ಹರಡಿದ ಬಲವನ್ನು 50 ಮಿ.ಮೀ. ಅಗಲದ 8 ಹಲ್ಲುಗಳಿಗೆ, ಅಂದರೆ ಒಟ್ಟು 400 ಮಿ.ಮೀ.ಗೆ ಇಳಿಸಿದರೆ ಒತ್ತಡ ಸುಮಾರು ನಾಲ್ಕು ಪಟ್ಟಾಗುತ್ತದೆ. ಟೂತ್ ಬಾರಿನ ಕೆಲಸ ಇಷ್ಟೇ.

ಬಾರ್ ಬಕೆಟ್ಟಿನ ಒಳಗೆ, ಅಂಚಿನ ಮೇಲೆ ಕೂರುತ್ತದೆ. ಅದರ ಹಿಂಭಾಗದ ತೋಡೋ ಕೊಕ್ಕೆಯೋ ಅಂಚನ್ನು ಕಚ್ಚಿಕೊಳ್ಳುತ್ತದೆ. ಎರಡೂ ತುದಿಯಲ್ಲಿ ಬಕೆಟ್ಟಿನ ಪಕ್ಕದ ತಗಡಿಗೆ ಒಂದೊಂದು ಬೋಲ್ಟ್. ಇಷ್ಟು ಭಾರಿ ಕೆಲಸಕ್ಕೆ ಎರಡೇ ಬೋಲ್ಟ್ ಸಾಕೇ ಎಂದು ಕಲಿಯುವವರು ಕೇಳಿಯೇ ಕೇಳುತ್ತಾರೆ. ಸಾಕು, ಆದರೆ ಒಂದು ಷರತ್ತಿದೆ: ಮುಂದಿನಿಂದ ಬರುವ ತಳ್ಳು ಬಾರಿನಿಂದ ನೇರವಾಗಿ ಅಂಚಿಗೆ ಹೋಗಬೇಕು. ಬೋಲ್ಟ್ ಬಾರನ್ನು ಬೀಳದಂತೆ ಹಿಡಿಯಲಿಕ್ಕಷ್ಟೇ. ಬಾರಿಗೂ ಅಂಚಿಗೂ ನಡುವೆ ಸಂದಿ ಉಳಿದರೆ ಪೂರಾ ಪೆಟ್ಟು ಬೋಲ್ಟಿಗೇ.

ಲೆಕ್ಕ ಹಾಕಿ ನೋಡಿ. 3000 ಕೆ.ಜಿ. ಟ್ರ್ಯಾಕ್ಟರ್ ಗಂಟೆಗೆ 5 ಕಿ.ಮೀ. ವೇಗದಲ್ಲಿ ಹೋಗಿ ಹೂತ ಬಂಡೆಗೆ ಬಡಿದು 2 ಸೆಂ.ಮೀ. ಅಂತರದಲ್ಲಿ ನಿಂತಿತು ಎನ್ನೋಣ. ಚಲನಶಕ್ತಿ ಸುಮಾರು 2900 ಜೌಲ್, ಅದನ್ನು 0.02 ಮೀಟರಿನಿಂದ ಭಾಗಿಸಿದರೆ ಸರಾಸರಿ ಬಲ 145 ಕಿಲೋನ್ಯೂಟನ್. 8.8 ದರ್ಜೆಯ ಒಂದು ಎಂ16 (16 ಮಿ.ಮೀ. ವ್ಯಾಸದ) ಬೋಲ್ಟ್ ಮರೆ (ಥ್ರೆಡ್) ಇರುವ ಭಾಗದಲ್ಲಿ ಕತ್ತರಿಸಿ ಹೋಗುವುದು ಹೆಚ್ಚುಕಡಿಮೆ 75 ಕಿಲೋನ್ಯೂಟನ್‌ಗೆ. ಎರಡೂ ಸಮವಾಗಿ ಹಂಚಿಕೊಂಡರೂ ಕೂದಲೆಳೆಯಲ್ಲಿ ಉಳಿಯುತ್ತವೆ. ಪೆಟ್ಟು ಮೂಲೆಯ ಹಲ್ಲಿಗೆ ಬಿದ್ದರೆ ಆ ಕಡೆಯ ಬೋಲ್ಟ್ ಉಳಿಯುವುದಿಲ್ಲ. ಹಾಗಾಗಿ ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಹೋಗಬೇಕಾದದ್ದು ಬಾರನ್ನು ಕೂರಿಸುವುದಕ್ಕೆ, ಬೋಲ್ಟ್ ಬಿಗಿಯುವುದಕ್ಕಲ್ಲ.

ಅಳತೆ ಮೊದಲು. ಬಕೆಟ್ಟಿನ ಹೊರಗಲ ಬೇಡ, ಒಳಗಲ ಬೇಕು. ಟೇಪ್ ಹಿಡಿದು ಅಂಚಿನ ಹತ್ತಿರ, ಅಲ್ಲಿಂದ 75 ಮತ್ತು 150 ಮಿ.ಮೀ. ಹಿಂದೆ, ಮೂರು ಕಡೆ ಅಳೆಯಿರಿ. ಹಳೆಯ ಬಕೆಟ್ಟಿನ ಪಕ್ಕದ ತಗಡು ಒಳಕ್ಕೆ ಬಾಗಿರುವುದು ಸಾಮಾನ್ಯ. ಎಲ್ಲಕ್ಕಿಂತ ಕಡಿಮೆ ಬಂದ ಅಳತೆಯಿಂದ 3ರಿಂದ 6 ಮಿ.ಮೀ. ಕಳೆದದ್ದು ಬಾರಿನ ಉದ್ದ. ಒಳಗಲ 1580 ಇದ್ದರೆ ಬಾರ್ 1575. ತುದಿಯ ಹಲ್ಲುಗಳನ್ನು ಎರಡೂ ಕಡೆ 60 ಮಿ.ಮೀ. ಒಳಗೆ ಇಟ್ಟರೆ ಉಳಿದ 1455ರಲ್ಲಿ 8 ಹಲ್ಲಿಗೆ 208 ಮಿ.ಮೀ. ಅಂತರ ಬರುತ್ತದೆ. ಹಲ್ಲು ಇನ್ನೂ ಒತ್ತಾದರೆ ಹಸಿ ಎರೆಮಣ್ಣು ನಡುವೆ ಮೆತ್ತಿಕೊಂಡು ಹಲ್ಲೇ ಇಲ್ಲದಂತಾಗುತ್ತದೆ.

ಇನ್ನು ಅಂಚಿಗೆ ದಾರ ಎಳೆದು ನೋಡಿ. ಮಧ್ಯದಲ್ಲಿ 5-6 ಮಿ.ಮೀ. ಸವೆದು ಒಳಗೆ ಹೋಗಿದ್ದರೆ ಬಾರ್ ಎರಡು ತುದಿಗಳಲ್ಲಿ ಮಾತ್ರ ತಾಗುತ್ತದೆ, ಹೊರೆ ಬಿದ್ದಾಗ ನಡುವೆ ಬಾಗುತ್ತದೆ. ಮೊದಲು ಅಂಚು ಸರಿಮಾಡಿ, ಆಮೇಲೆ ಬಾರ್.

ಕೆಲಸಕ್ಕೆ ಮುಂಚೆ ಬಕೆಟ್ಟನ್ನು ಸುಮಾರು 100 ಮಿ.ಮೀ. ಎತ್ತರದ ಎರಡು ಮರದ ತುಂಡುಗಳ ಮೇಲೆ ಮಟ್ಟವಾಗಿ ಇಳಿಸಿ, ಎಂಜಿನ್ ಬಂದ್ ಮಾಡಿ, ಹ್ಯಾಂಡ್ ಬ್ರೇಕ್ ಹಾಕಿ, ಲೋಡರ್ ಲಿವರನ್ನು ಎಲ್ಲ ದಿಕ್ಕಿಗೂ ಆಡಿಸಿ ಎಣ್ಣೆಯ ಒತ್ತಡ ಬಿಡಿಸಿ. ಎತ್ತಿ ನಿಲ್ಲಿಸಿದ ಬಕೆಟ್ಟಿನ ಕೆಳಗೆ ಕೈ ಹಾಕಬೇಡಿ, ಜಾಕ್ ಕೊಟ್ಟಿದ್ದರೂ ಬೇಡ.

ಅಂಚಿನಲ್ಲಿ ಗಟ್ಟಿಯಾದ ಮಣ್ಣನ್ನು ಕೆರೆದು ವೈರ್ ಬ್ರಷ್ ಹಾಕಿ. 1575 × 150 × 16 ಅಳತೆಯ ಬರೀ ಪಟ್ಟಿಯೇ 30 ಕೆ.ಜಿ. ತೂಗುತ್ತದೆ, ಹಲ್ಲು ಸೇರಿದರೆ 40 ದಾಟುತ್ತದೆ; ಇಬ್ಬರು ಬೇಕು. ಅಂಚಿನ ಉದ್ದಕ್ಕೂ ಸೀಮೆಸುಣ್ಣ ಬಳಿದು ಬಾರ್ ಇಟ್ಟು, ಹಲ್ಲಿನ ಬುಡಕ್ಕೆ ಮರದ ತುಂಡು ಆನಿಸಿ ಸುತ್ತಿಗೆಯಿಂದ ಎಡ, ಬಲ, ನಡು ಎಂದು ಬಡಿಯುತ್ತಾ ಹಿಂದಕ್ಕೆ ಕೂರಿಸಿ. ತೆಗೆದು ನೋಡಿ: ಬಾರಿನ ಒಳಮೈಗೆ ಬಿಳಿ ಎಲ್ಲೆಲ್ಲಿ ಹತ್ತಿದೆಯೋ ಅಲ್ಲಿ ಮಾತ್ರ ತಾಗುತ್ತಿದೆ. ಎರಡು ಕಡೆ ಚುಕ್ಕೆ ಕಂಡರೆ ಅಲ್ಲಿ ಗ್ರೈಂಡರ್ ಆಡಿಸಿ ಮತ್ತೆ ಇಡಿ. ಉದ್ದಕ್ಕೂ ಬಿಳಿ ಗೆರೆ ಬರುವ ತನಕ ಇದೇ ಕೆಲಸ. ಬೇಸರ ಬರುತ್ತದೆ, ಆದರೂ ಬಿಡಬೇಡಿ.

ಸರಿಯಾಗಿ ಕೂತ ಮೇಲೆ ಎರಡು ಸಿ ಕ್ಲಾಂಪ್ ಹಾಕಿ, ಬಾರಿನ ತುದಿಯ ತೂತಿನೊಳಗಿಂದ ಪಕ್ಕದ ತಗಡಿನ ಮೇಲೆ ಸುತ್ತ ಗೆರೆ ಗೀಚಿ. ಎಂ16 ಬೋಲ್ಟಿಗೆ 17.5 ಮಿ.ಮೀ. ತೂತು ಎಂದರೆ ಸಡಿಲ 1.5. ತೂತುಗಳು ನೇರಕ್ಕೆ ನೇರ ಬಂದರೆ ಬಾರ್ ಅಷ್ಟೂ ಮುಂದಕ್ಕೆ ಸರಿಯಬಹುದು. ತಗಡಿನ ತೂತಿನ ಮಧ್ಯಬಿಂದುವನ್ನು ಗೀಚಿದ ಗೆರೆಯ ಮಧ್ಯಕ್ಕಿಂತ 1 ಮಿ.ಮೀ. ಹಿಂದೆ ಪಂಚ್ ಮಾಡಿದರೆ ಬೋಲ್ಟ್ ಸಲೀಸಾಗಿ ಹೋಗುತ್ತದೆ, ಸಡಿಲ ಅರ್ಧ ಮಿ.ಮೀ.ಗೆ ಇಳಿಯುತ್ತದೆ.

ಡ್ರಿಲ್ಲಿಂಗ್ 6, 10, 17.5 ಹೀಗೆ ಹಂತಹಂತವಾಗಿ. ಮೊದಲು ಅರ (ಫೈಲ್) ಎಳೆದು ನೋಡಿ. ಕಚ್ಚಿದರೆ ಮೈಲ್ಡ್ ಸ್ಟೀಲ್, ಜಾರಿದರೆ ಗಟ್ಟಿ ತಗಡು, ಕೋಬಾಲ್ಟ್ ಬಿಟ್ ಬೇಕು. ಕತ್ತರಿಸುವ ವೇಗ ಮೈಲ್ಡ್ ಸ್ಟೀಲಿಗೆ ನಿಮಿಷಕ್ಕೆ 20 ಮೀಟರ್ ಹಿಡಿದರೆ 17.5ರ ಬಿಟ್ ಸುಮಾರು 360 ಸುತ್ತು ತಿರುಗಬೇಕು. ಗಟ್ಟಿ ತಗಡಿಗೆ 10 ಮೀಟರ್, ಅಂದರೆ 180 ಸುತ್ತು. ಕೈ ಡ್ರಿಲ್ಲನ್ನು ಪೂರ್ತಿ ವೇಗದಲ್ಲಿ ಒತ್ತಿದರೆ ಬಿಟ್ಟಿನ ಮೂಲೆ ಸುಟ್ಟು, ತಗಡು ಉಜ್ಜಿ ಇನ್ನೂ ಗಟ್ಟಿಯಾಗುತ್ತದೆ. ಗ್ಯಾಸ್ ಕಟ್ಟರಿನಿಂದ ತೂತು ಸುಡುವುದು ಬೇಗ ಆಗುತ್ತದೆ ನಿಜ, ಆದರೆ ಆ ತೂತು ದುಂಡಗೂ ಇರುವುದಿಲ್ಲ, ನಯವಾಗಿಯೂ ಇರುವುದಿಲ್ಲ. ಬೋಲ್ಟ್ ಒಂದೆರಡು ಮೊನೆಗಳ ಮೇಲೆ ನಿಲ್ಲುತ್ತದೆ, ಬಿರುಕು ಅಲ್ಲಿಂದಲೇ ಶುರು.

ಬೋಲ್ಟ್ ಕೊಳ್ಳುವಾಗ ತಲೆಯ ಮೇಲೆ 8.8 ಇದೆಯೇ ನೋಡಿ. ತುದಿಯಿಂದ ತಲೆಯ ತನಕ ಮರೆ ಇರುವ ಫುಲ್ ಥ್ರೆಡ್ ಬೇಡ. 10 ಮಿ.ಮೀ. ತಗಡು, 10 ಮಿ.ಮೀ. ಬಾರಿನ ತುದಿ, ನಟ್ಟಿನ ಕೆಳಗೊಂದು 3 ಮಿ.ಮೀ. ವಾಷರ್, ಒಟ್ಟು 23. ಎಂ16 × 60 ಬೋಲ್ಟಿನಲ್ಲಿ ಮರೆ 38 ಮಿ.ಮೀ., ಉಳಿದ 22 ನುಣುಪು. ಎರಡು ತಗಡು ಸೇರುವ ಗೆರೆ ನುಣುಪು ಭಾಗಕ್ಕೇ ಬರುತ್ತದೆ. ತಲೆ ಒಳಗೆ, ನಟ್ ಹೊರಗೆ ಇಡುವುದು ಮೇಲು. ಒಳಗೆ ಹರಿಯುವ ಮಣ್ಣು ಮರೆಯನ್ನು ತಿಂದರೆ ಆಮೇಲೆ ಬಿಚ್ಚುವುದು ಕಷ್ಟ. ಒಳಗೆ ನೈಲಾನ್ ಬಳೆ ಇರುವ ನೈಲಾಕ್ ನಟ್ ಹಾಕಿ. ಬಿಗಿತ ಸುಮಾರು 200 ನ್ಯೂಟನ್ ಮೀಟರ್: 24 ನಂಬರ್ ಪಾನಾಕ್ಕೆ ಪೈಪ್ ಹಾಕಿ 40 ಸೆಂ.ಮೀ. ದೂರದಲ್ಲಿ 50 ಕೆ.ಜಿ. ಬಲದಿಂದ ಎಳೆದಷ್ಟು. ಮೊದಲ ಒಂದೆರಡು ಗಂಟೆ ಕೆಲಸವಾದ ಮೇಲೆ ಬಾರ್ ಇನ್ನಷ್ಟು ಹಿಂದಕ್ಕೆ ಕೂತಿರುತ್ತದೆ, ಮತ್ತೊಮ್ಮೆ ಬಿಗಿಯಿರಿ.

ಬೋಲ್ಟಿನ ಬದಲು ವೆಲ್ಡ್ ಮಾಡಿಬಿಡೋಣ ಎನ್ನುವವರು ಇದ್ದಾರೆ. ಅಂಚಿನ ಪಟ್ಟಿ ಗಟ್ಟಿ ಉಕ್ಕು. ಬಿಸಿ ಮಾಡದೆ ಸಾಮಾನ್ಯ ರಾಡ್ ಎಳೆದರೆ ವೆಲ್ಡಿನ ಪಕ್ಕದಲ್ಲೇ ಬಿರುಕು ಬಿಡುತ್ತದೆ. ಹಲ್ಲು ತೆಗೆಯಬೇಕಾದಾಗ ಗ್ಯಾಸ್ ಕಟ್ಟರ್ ಹಿಡಿಯಬೇಕಾಗುತ್ತದೆ.

ತೆಗೆಯುವ ಪ್ರಸಂಗ ಬಂದೇ ಬರುತ್ತದೆ. ಹಲ್ಲು ಹಾಕಿಕೊಂಡೇ ಬಕೆಟ್ ಹಿಂದಕ್ಕೆ ಎಳೆದು ಅಂಗಳ ಸಮ ಮಾಡಿದರೆ ಬಲ ತಿರುಗಿ ಬೀಳುತ್ತದೆ. ಬಾರ್ ಅಂಚಿನಿಂದ ಕಳಚಲು ನೋಡುತ್ತದೆ, ಆಗ ತಡೆಯುವುದು ಬೋಲ್ಟ್ ಮಾತ್ರ. ತೂತು ಮೊಟ್ಟೆಯಾಕಾರಕ್ಕೆ ತಿರುಗಿದ ಬಕೆಟ್ಟುಗಳಲ್ಲಿ ಹೆಚ್ಚಿನವು ಹಾಳಾಗುವುದು ಹೀಗೆ. ಮಟ್ಟ ಮಾಡುವ ದಿನ ಬಾರ್ ಬಿಚ್ಚಿಡಿ. ಒಂದೇ ಮೂಲೆಯ ಹಲ್ಲಿನಿಂದ ಜಾಲಿಯ ಬೊಡ್ಡೆ ಮೀಟುವುದೂ ಬೇಡ, ಅಲ್ಲಿ ತಿರುಚುವುದು ಲೋಡರಿನ ತೋಳು. ಬಿಚ್ಚಿದ ಬೋಲ್ಟುಗಳನ್ನು ಗ್ರೀಸ್ ಹಚ್ಚಿ ಬಾರಿನ ತೂತಿಗೇ ಹಾಕಿ ನಟ್ ತಿರುಗಿಸಿಡಿ. ನೈಲಾಕ್ ನಟ್ ಕೈಯಲ್ಲೇ ಸಲೀಸಾಗಿ ತಿರುಗತೊಡಗಿದರೆ ಹೊಸದು ತನ್ನಿ.