ಎಸ್‌ಕ್ಯೂಲೈಟ್‌ನಲ್ಲಿ ಪಾಸಾದರೆ ಸಾಕೇ? ಜಾಂಗೋ ಟೆಸ್ಟ್‌ಗಳ ಮೇಲೊಂದು ಟಿಪ್ಪಣಿ

ಪೈಥಾನ್‌ನಲ್ಲಿ ವೆಬ್‌ಸೈಟ್ ಕಟ್ಟಲು ಬಳಸುವ ಚೌಕಟ್ಟಾದ ಜಾಂಗೋದ ಮೂಲ ಕೋಡ್ ಇಳಿಸಿಕೊಂಡು ಅದರ ಟೆಸ್ಟ್‌ಗಳನ್ನು ಓಡಿಸುವಾಗ ಬೇರೇನೂ ಸೂಚಿಸದಿದ್ದರೆ ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್ ಬಳಕೆಯಾಗುತ್ತದೆ, ಅದೂ ಮೆಮೊರಿಯಲ್ಲೇ. ಸರ್ವರ್ ಬೇಡ, ಪಾಸ್‌ವರ್ಡ್ ಬೇಡ. ಹೊಸಬರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಜಾಂಗೋ ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್, ಮರಿಯಾಡಿಬಿ, ಒರಾಕಲ್‌ಗಳನ್ನೂ ಅಧಿಕೃತವಾಗಿ ಬೆಂಬಲಿಸುತ್ತದೆ. ಈ ಐದರಲ್ಲಿ ಎಸ್‌ಕ್ಯೂಲೈಟ್ ಎಲ್ಲವನ್ನೂ ನಡೆಯಲಿ ಬಿಡಿ ಎನ್ನುವ ಸ್ವಭಾವದ್ದು.

ಅದು ಎಷ್ಟು ಧಾರಾಳಿ ಎಂದು ನೋಡಬೇಕೆ? ಒಂದು ಕಾಲಮ್‌ಗೆ ಗರಿಷ್ಠ ಉದ್ದ 4 ಎಂದು ಕೊಟ್ಟು, ಅದರಲ್ಲಿ ‘ಕನ್ನಡ’ ಎಂದು ಸೇವ್ ಮಾಡಿ. ಕಣ್ಣಿಗೆ ಮೂರೇ ಅಕ್ಷರ. ಯುನಿಕೋಡ್ ಲೆಕ್ಕದಲ್ಲಿ ಕ, ನ, ವಿರಾಮ, ನ, ಡ ಸೇರಿ ಐದು. ಸೇವ್ ಮಾಡುವಾಗ ಜಾಂಗೋ ತಾನಾಗಿ ಉದ್ದ ಪರಿಶೀಲಿಸುವುದಿಲ್ಲ, ಆದ್ದರಿಂದ ತೀರ್ಮಾನ ಡೇಟಾಬೇಸ್‌ನದೇ. ಪೋಸ್ಟ್‌ಗ್ರೆಸ್ ಖಡಾಖಂಡಿತವಾಗಿ ನಿರಾಕರಿಸುತ್ತದೆ. 5.7ರಿಂದೀಚೆಗಿನ ಮೈಎಸ್‌ಕ್ಯೂಎಲ್ ಕೂಡ ಹಾಗೆಯೇ. ಆದರೆ ಯಾರಾದರೂ ಅದರ ಸ್ಟ್ರಿಕ್ಟ್ ಮೋಡ್ (ತಪ್ಪು ಬೆಲೆಗಳನ್ನು ನಿರಾಕರಿಸುವ ವ್ಯವಸ್ಥೆ) ತೆಗೆದಿದ್ದರೆ ‘ಕನ್ನ’ ಎಂದು ಮೊಟಕುಗೊಳಿಸಿ ಉಳಿಸಿ, ಒಂದು ಎಚ್ಚರಿಕೆ ಗೊಣಗಿ ಸುಮ್ಮನಾಗುತ್ತದೆ. ಎಸ್‌ಕ್ಯೂಲೈಟ್ ಚಕಾರವೆತ್ತದೆ ಇಡೀ ಪದವನ್ನು ನುಂಗಿಕೊಳ್ಳುತ್ತದೆ.

ವ್ಯತ್ಯಾಸ ಇಷ್ಟಕ್ಕೇ ನಿಲ್ಲುವುದಿಲ್ಲ. ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ‘ನಲ್’ (ಬೆಲೆಯೇ ಇಲ್ಲ ಎಂಬ ಗುರುತು) ಬೆಲೆಗಳು ಎಸ್‌ಕ್ಯೂಲೈಟ್, ಮೈಎಸ್‌ಕ್ಯೂಎಲ್‌ಗಳಲ್ಲಿ ಮೊದಲು ಬರುತ್ತವೆ, ಪೋಸ್ಟ್‌ಗ್ರೆಸ್ ಮತ್ತು ಒರಾಕಲ್‌ಗಳಲ್ಲಿ ಕೊನೆಗೆ. ಒರಾಕಲ್‌ಗಂತೂ ಖಾಲಿ ಸ್ಟ್ರಿಂಗ್ ಕೂಡ ‘ನಲ್’ ಆಗಿಯೇ ಕಾಣುತ್ತದೆ.

ಬೇರೆ ಡೇಟಾಬೇಸ್ ಮೇಲೆ ಓಡಿಸಲು ಒಂದು ಸೆಟ್ಟಿಂಗ್ಸ್ ಕಡತ ಬರೆದು ಅದರ ಹೆಸರನ್ನು ಟೆಸ್ಟ್ ಓಡಿಸುವ ಸ್ಕ್ರಿಪ್ಟ್‌ಗೆ ಕೊಡಬೇಕು. ಅದರಲ್ಲಿ ‘ಡೀಫಾಲ್ಟ್’ ಜೊತೆಗೆ ‘ಅದರ್’ ಎಂಬ ಎರಡನೆಯ ಸಂಪರ್ಕವೂ ಇರಲೇಬೇಕು, ಏಕೆಂದರೆ ಕೆಲವು ಟೆಸ್ಟ್‌ಗಳು ಎರಡು ಡೇಟಾಬೇಸ್‌ಗಳ ನಡುವಿನ ವ್ಯವಹಾರವನ್ನೇ ಪರೀಕ್ಷಿಸುತ್ತವೆ. ಎರಡೂ ಬೇರೆ ಬೇರೆ ಡೇಟಾಬೇಸ್‌ಗಳಾಗಿರಲಿ. ಡೇಟಾಬೇಸ್ ಹೆಸರಿನ ಆರಂಭದಲ್ಲಿ ‘ಟೆಸ್ಟ್’ ಸೇರಿಸಿ ಜಾಂಗೋ ಹೊಸದನ್ನೇ ಸೃಷ್ಟಿಸುವುದರಿಂದ, ಬಳಕೆದಾರನಿಗೆ ಡೇಟಾಬೇಸ್ ಸೃಷ್ಟಿಸುವ ಅನುಮತಿ ಬೇಕು. ಮೊದಲ ಸಲ ಎಡವುವುದು ಹೆಚ್ಚಾಗಿ ಈ ಅನುಮತಿಯಲ್ಲೇ.

ಇನ್ನು, ಒಂದು ಡೇಟಾಬೇಸ್‌ಗೆ ಒಂದು ಸೌಲಭ್ಯವೇ ಇಲ್ಲದಿದ್ದರೆ? ಉದಾಹರಣೆಗೆ, ಓದುವಾಗಲೇ ಸಾಲುಗಳಿಗೆ ಬೀಗ ಹಾಕುವ ‘ಸೆಲೆಕ್ಟ್ ಫಾರ್ ಅಪ್‌ಡೇಟ್’ ಎಸ್‌ಕ್ಯೂಲೈಟ್‌ನಲ್ಲಿಲ್ಲ. ಅಂಥ ಟೆಸ್ಟ್ ಬಿಡಲೇಬೇಕು. ‘ಎಸ್‌ಕ್ಯೂಲೈಟ್ ಆಗಿದ್ದರೆ ಬಿಡು’ ಎಂದು ಬರೆಯಲು ಕೈ ತುರಿಸುತ್ತದೆ, ಬರೆಯಬೇಡಿ. ಪ್ರತಿ ಬ್ಯಾಕೆಂಡ್‌ನಲ್ಲೂ (ಒಂದು ಡೇಟಾಬೇಸ್ ಜೊತೆ ಮಾತಾಡುವ ಜಾಂಗೋದ ಭಾಗ) ಅದರ ಸಾಮರ್ಥ್ಯಗಳ ಪಟ್ಟಿಯೊಂದಿದೆ. ‘ಈ ಸಾಮರ್ಥ್ಯವಿದ್ದರೆ ಮಾತ್ರ ಓಡಿಸು’ ಎನ್ನುವ ಡೆಕೊರೇಟರ್‌ಗಳು (ಟೆಸ್ಟ್‌ನ ಮೇಲೆ ಬರೆಯುವ ಗುರುತುಗಳು) ಆ ಪಟ್ಟಿಯನ್ನು ನೋಡಿ ನಿರ್ಧರಿಸುತ್ತವೆ.

ಹೆಸರನ್ನು ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಮರಿಯಾಡಿಬಿ ಒಳ್ಳೆಯ ನಿದರ್ಶನ. ಜಾಂಗೋದಲ್ಲಿ ಅದು ಮೈಎಸ್‌ಕ್ಯೂಎಲ್‌ನ ಬ್ಯಾಕೆಂಡನ್ನೇ ಬಳಸುತ್ತದೆ, ಆದ್ದರಿಂದ ತಯಾರಕರ ಹೆಸರು ಕೇಳಿದರೆ ಎರಡಕ್ಕೂ ಉತ್ತರ ಒಂದೇ. ಆದರೆ ಸಾಲು ಸೇರಿಸಿದ ಕೂಡಲೇ ಅದರ ಬೆಲೆಗಳನ್ನು ಮರಳಿಸುವ ‘ರಿಟರ್ನಿಂಗ್’ ಸೌಲಭ್ಯ ಮರಿಯಾಡಿಬಿಯಲ್ಲಿ 10.5ರಿಂದ ಇದೆ, ಮೈಎಸ್‌ಕ್ಯೂಎಲ್‌ನಲ್ಲಿಲ್ಲ. ಹೆಸರು ನೋಡಿ ಬಿಟ್ಟರೆ ಮರಿಯಾಡಿಬಿಯಲ್ಲಿ ಓಡಬೇಕಾದ ಟೆಸ್ಟ್ ಸದ್ದಿಲ್ಲದೆ ಕೈಬಿಟ್ಟುಹೋಗುತ್ತದೆ, ಫಲಿತಾಂಶ ಮಾತ್ರ ಹಸಿರಾಗಿಯೇ, ಅಂದರೆ ಪಾಸಾದಂತೆಯೇ, ಇರುತ್ತದೆ.

ಸೋಲುವುದು ಮೊದಲೇ ಗೊತ್ತಿರುವ ಟೆಸ್ಟ್‌ಗಳಿಗೆ ಇನ್ನೊಂದು ದಾರಿಯಿದೆ: ‘ನಿರೀಕ್ಷಿತ ಸೋಲು’ ಎಂದು ಗುರುತಿಸುವುದು. ಸಾಧ್ಯವಾದಲ್ಲೆಲ್ಲ ಇದೇ ಮೇಲು. ಬಿಟ್ಟ ಟೆಸ್ಟ್ ಓಡುವುದೇ ಇಲ್ಲ. ಹೀಗೆ ಗುರುತಿಸಿದ್ದು ಪ್ರತಿ ಸಲವೂ ಓಡುತ್ತದೆ. ಮುಂದೊಂದು ಆವೃತ್ತಿಯಲ್ಲಿ ಡೇಟಾಬೇಸ್ ತನ್ನ ಕೊರತೆ ಸರಿಪಡಿಸಿಕೊಂಡರೆ ‘ಅನಿರೀಕ್ಷಿತ ಗೆಲುವು’ ಎಂದು ವರದಿಯಾಗುತ್ತದೆ, ಆಗ ಆ ಗುರುತನ್ನು ತೆಗೆದುಹಾಕಬಹುದು.