ಗಾಯರಾಣದ ಹಳೆಯ ದಾರಿ ಮತ್ತು ಬಂದೂಕು

ಮಾರ್ಗಶಿರದ ಹೊತ್ತಿಗೆ ಆಳಂದ, ಚಿಂಚೋಳಿ, ಹುಮನಾಬಾದ್ ಕಡೆಯ ಹೊಲಗಳಲ್ಲಿ ತೊಗರಿ ಆಳೆತ್ತರಕ್ಕೆ ಬೆಳೆದು ನಿಂತಿರುತ್ತದೆ. ಸಾಲಿನೊಳಗೆ ನಡೆಯುವವನು ಬದುವಿನ ಮೇಲೆ ನಿಂತವನ ಕಣ್ಣಿಗೆ ಬೀಳುವುದಿಲ್ಲ. ಕಾಡುಹಂದಿ ಹೊಲಕ್ಕೆ ನುಗ್ಗುವುದು, ರೈತರು ಕಾವಲಿಗೆಂದು ಹೊಲದಲ್ಲೇ ಮಲಗುವುದು, ಕದ್ದು ಬೇಟೆಯಾಡುವವರು ಬಂದೂಕು ಮತ್ತು ಟಾರ್ಚು ಹಿಡಿದು ಗಾಯರಾಣದ, ಅಂದರೆ ಊರ ದನಗಳ ಮೇವಿಗೆ ಬಿಟ್ಟ ಸರ್ಕಾರಿ ನೆಲದ, ಮೂಲಕ ಒಳಗೆ ಬರುವುದು ಇದೇ ದಿನಗಳಲ್ಲಿ. ಈ ಮೂವರೂ ಒಂದೇ ಕತ್ತಲೆಯಲ್ಲಿ ಸೇರುವಂತಾದುದು ಹೇಗೆ ಎಂಬುದನ್ನು ತಿಳಿಯಬೇಕಾದರೆ ಕಾನೂನಿನ ಚರಿತ್ರೆಯಷ್ಟೇ ನೆಲದ ಚರಿತ್ರೆಯನ್ನೂ ನೋಡಬೇಕಾಗುತ್ತದೆ.

ನಿಜಾಮರ ಆಳ್ವಿಕೆಯಲ್ಲಿ ಈ ಭಾಗದ ಬಹಳಷ್ಟು ಊರುಗಳು ಜಾಗೀರುಗಳಾಗಿದ್ದವು. ಆಳಂದ, ಚಿಟಗುಪ್ಪಾ ನಿಜಾಮರ ದೊಡ್ಡ ಸರದಾರರಾದ ಪಾಯಗಾ ಮನೆತನಗಳ ಕೈಯಲ್ಲಿದ್ದವು. ಆರನೆಯ ನಿಜಾಮ ಮಹಬೂಬ್ ಅಲಿ ಖಾನ್ ಹುಲಿ ಬೇಟೆಗೆ ಹೆಸರಾದವರು. ದಖ್ಖನಿನ ಬಯಲಿನಲ್ಲಿ ಪಳಗಿಸಿದ ಚೀತಾಗಳನ್ನು ಕೃಷ್ಣಮೃಗದ ಮೇಲೆ ಬಿಡುವ ಪದ್ಧತಿಯೂ ಇತ್ತು. ಶಿಕಾರಿ ಎಂಬುದು ಅಧಿಕಾರದ ಕುರುಹಾಗಿದ್ದುದರಿಂದ, ದೊರೆಯ ಪರಿವಾರ ಯಾರ ಹೊಲ ತುಳಿದು ಹೋಯಿತೆಂದು ಉಳುವವನು ಕೇಳುವಂತಿರಲಿಲ್ಲ. ಇತ್ತ ಸುರಪುರದ ಬೇಡ ನಾಯಕರ ಸೀಮೆಯಲ್ಲಿ ಆಯುಧವೆಂದರೆ ಸೇವೆ ಮತ್ತು ಮಾನ. ಅಲ್ಲಿನ ರಾಜಾ ವೆಂಕಟಪ್ಪ ನಾಯಕ 1858ರಲ್ಲಿ ಬ್ರಿಟಿಷರ ವಿರುದ್ಧ ನಿಂತು ಸೋತ ನೆನಪು ಇಂದಿಗೂ ಮಾಸಿಲ್ಲ. ಹೀಗಾಗಿ ಬಂದೂಕಿನ ಪ್ರಶ್ನೆಯನ್ನು ಇಲ್ಲಿ ಬರೀ ಅಪರಾಧದ ಪ್ರಶ್ನೆಯಾಗಿ ನೋಡುವುದು ಸರಿಯಲ್ಲವೆಂದು ನಾನು ಭಾವಿಸುತ್ತೇನೆ.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು, ಮರುವರ್ಷ ಜಾಗೀರುಗಳು ರದ್ದಾದವು. ಜಾಗೀರುದಾರನ ಹಕ್ಕು ಹೋಯಿತು. ಆದರೆ ಬೇಟೆಗೆ ಹೊರಟವನಿಗೆ ಬದು ಅಡ್ಡಬರುವುದಿಲ್ಲವೆಂಬ ರೂಢಿ ಊರಿನ ಬಂದೂಕುದಾರರಲ್ಲಿ ಉಳಿದುಕೊಂಡಿತು. ಆಗ ಅದರಿಂದ ಅಷ್ಟು ಕೇಡಾಗಲಿಲ್ಲ, ಏಕೆಂದರೆ ಗಾಯರಾಣ ವಿಶಾಲವಾಗಿತ್ತು. ಊರ ದನ ಮೇಯಲು ಬಿಟ್ಟ ಆ ನೆಲದಲ್ಲಿ ಮೊಲ, ಚಿಗರಿ ಇರುತ್ತಿದ್ದವು, ಸಂಜೆಯ ಮೇಲೆ ಮನುಷ್ಯರು ಇರುತ್ತಿರಲಿಲ್ಲ. ಮುಂದೆ ಬಗರ್ ಹುಕುಂ ಸಾಗುವಳಿ ಹಬ್ಬಿತು, ಭೂಮಿಯಿಲ್ಲದವರು ಗಾಯರಾಣವನ್ನು ಹಸನು ಮಾಡಿ ಬಿತ್ತಿದರು, ಕೆಲವರಿಗೆ ಪಟ್ಟಾ ಸಿಕ್ಕಿತು, ಹಲವರು ಇನ್ನೂ ಕಾಯುತ್ತಿದ್ದಾರೆ. ಹಿಂದೆ ಬೇಟೆಗಾರರು ಹಿಡಿಯುತ್ತಿದ್ದ ಕಾಲುದಾರಿ ಈಗ ಅಂಥವರ ಗುಡಿಸಲಿನ ಮಗ್ಗುಲಲ್ಲೇ ಹಾದುಹೋಗುತ್ತದೆ. ದಾಖಲೆಯಲ್ಲಿ ಸರ್ಕಾರದ್ದೆಂದು ಇರುವ ನೆಲಕ್ಕೆ ಕಾಲಿಡಲು ಯಾರನ್ನು ಕೇಳಬೇಕು ಎಂಬ ವಾದ ಈಗಲೂ ಕೇಳಿಬರುತ್ತದೆ. ಪಟ್ಟಾ ಇಲ್ಲದವನು ದೂರು ಕೊಡಲು ಅಂಜುತ್ತಾನೆಂಬುದು ಹಾಗೆ ವಾದಿಸುವವರಿಗೂ ಗೊತ್ತಿದೆ.

ಬೇಟೆಗೆ ದೇಶದಲ್ಲಿ ತಡೆ ಬಿದ್ದದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ. ಬೇಟೆಯ ನೆಲ ಯಾರದೇ ಇರಲಿ, ಅದು ಸ್ವಂತ ಹೊಲವೇ ಆಗಿರಲಿ, ಕಾಯ್ದೆ ಕಾಪಾಡುವ ಪ್ರಾಣಿಯನ್ನು ಅನುಮತಿಯಿಲ್ಲದೆ ಕೊಲ್ಲುವಂತಿಲ್ಲ. ಬೆಳೆಗೆ ಹಾನಿಮಾಡುವ ಕೆಲವು ಪ್ರಾಣಿಗಳ ವಿಷಯದಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟವರು ಕಾರಣ ಬರೆದು ಲಿಖಿತವಾಗಿ ಅನುಮತಿಸಬಹುದು. ಹಾಗೆ ಸತ್ತ ಪ್ರಾಣಿಯೂ ಸರ್ಕಾರದ ಸ್ವತ್ತೇ ಹೊರತು ಹೊಡೆದವನ ಪಾಲಲ್ಲ. ಜೀವ ಉಳಿಸಿಕೊಳ್ಳಲು ಸದ್ಭಾವನೆಯಿಂದ ಕೊಂದರೆ ಅಪರಾಧವಾಗದು. ಬೆಳೆ ಉಳಿಸಿಕೊಳ್ಳಲು ಕೊಂದೆನೆಂದರೆ ಆ ರಕ್ಷಣೆ ಸಿಗದು.

ಆದರೆ ಬಂದೂಕು ಹೊಲದಲ್ಲಿ ಉಳಿಯಿತು. 1959ರ ಆಯುಧ ಕಾಯ್ದೆಯು ಬೆಳೆ ರಕ್ಷಣೆಗಾಗಿ ನಳಿಗೆಯ ಬಾಯಿಂದ ಮದ್ದು ತುಂಬುವ ಬಂದೂಕಿಗೆ, ಅದು ಸಾಲದೆಂದು ಕಂಡರೆ ತೋಟಾ (ಕಾರ್ಟ್ರಿಜ್) ಬಂದೂಕಿಗೆ ಪರವಾನಗಿ ಕೊಡಲು ಅವಕಾಶವಿಟ್ಟಿದೆ. ಬೆಳೆ ಕಾಯಲು ಬಂದೂಕು ಕೊಟ್ಟ ಕಾನೂನು ಒಂದಾದರೆ, ಅದರಿಂದ ಹಂದಿಯನ್ನು ಹೊಡೆಯಬಾರದೆನ್ನುವ ಕಾನೂನು ಇನ್ನೊಂದು. ಇವೆರಡರ ನಡುವೆ ರೈತನಿಗೆ ಉಳಿದದ್ದು ಗಾಳಿಯಲ್ಲಿ ಹಾರಿಸಿ ಬೆದರಿಸುವ ಉಪಾಯ. ಅದನ್ನು ಹೇಗೆ ಮಾಡಬೇಕೆಂದು ತಲೆಮಾರುಗಳವರೆಗೆ ಯಾರೂ ಕಲಿಸಲಿಲ್ಲ. 2016ರ ಆಯುಧ ನಿಯಮಗಳಲ್ಲಿ ಸುರಕ್ಷತಾ ತರಬೇತಿಯ ಮತ್ತು ಮನೆಯಲ್ಲಿ ಭದ್ರವಾಗಿ ಇಡುವ ವಿಷಯ ಸ್ಪಷ್ಟವಾಗಿ ಬಂದಿತು. 2019ರ ತಿದ್ದುಪಡಿಯು ಒಬ್ಬರ ಬಳಿ ಇರಬಹುದಾದ ಬಂದೂಕುಗಳನ್ನು 3ರಿಂದ 2ಕ್ಕೆ ಇಳಿಸಿ, ಪರರ ಜೀವಕ್ಕೆ ಅಪಾಯವಾಗುವಂತೆ ಅಜಾಗರೂಕತೆಯಿಂದ ಹಾರಿಸುವುದಕ್ಕೆ ಎರಡು ವರ್ಷಗಳವರೆಗೆ ಸೆರೆವಾಸ ವಿಧಿಸಿತು. ಕಲಬುರಗಿಯ ಮಟ್ಟಿಗೆ ಇನ್ನೊಂದು ವಿಷಯವಿದೆ. 2011ರಲ್ಲಿ ಚಿಂಚೋಳಿಯ ಸುಮಾರು 135 ಚದರ ಕಿ.ಮೀ. ಕಾಡು ವನ್ಯಜೀವಿ ಧಾಮವಾಯಿತು. ಧಾಮದ 10 ಕಿ.ಮೀ. ಒಳಗೆ ವಾಸಿಸುವ ಪರವಾನಗಿದಾರರು ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು, ಆ ವ್ಯಾಪ್ತಿಯಲ್ಲಿ ಹೊಸ ಪರವಾನಗಿಗೆ ಇಲಾಖೆಯ ಸಮ್ಮತಿ ಬೇಕು.

ಅತಿಕ್ರಮ ಪ್ರವೇಶದ ಕಾನೂನು ಮಾತ್ರ ಮೆತ್ತಗಿದೆ. ಅಪರಾಧ ಎಸಗುವ, ಬೆದರಿಸುವ, ಅವಮಾನಿಸುವ ಅಥವಾ ಪೀಡಿಸುವ ಉದ್ದೇಶವಿದ್ದರೆ ಮಾತ್ರ ಅದು ಕ್ರಿಮಿನಲ್ ಅತಿಕ್ರಮಣವಾಗುತ್ತದೆ. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದಕ್ಕೆ ಮೂರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ದಾರಿಹೋಕನನ್ನು ಕಾಪಾಡಲು ಈ ಮೆದುತನ ಬೇಕು. ಆದರೆ ರಾತ್ರಿ ಬಂದೂಕು ಹಿಡಿದು ಒಳಬಂದವನೂ ದಾರಿ ತಪ್ಪಿತೆಂದು ಇದರ ಮರೆಯಲ್ಲಿ ನಿಲ್ಲುತ್ತಾನೆ.

ನಮ್ಮ ಬಯಲು ಬಂದೂಕಿಗೆ ಹೇಳಿ ಮಾಡಿಸಿದ ನೆಲವಲ್ಲ ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಗುಡ್ಡದ ನಾಡಿನಲ್ಲಿ ಗುರಿ ತಪ್ಪಿದ ಗುಂಡನ್ನು ಇಳಿಜಾರಿನ ಮಣ್ಣಾದರೂ ತಡೆಯುತ್ತದೆ. ಇಲ್ಲಿ ಗುರಿಯ ಹಿಂದೆ ತೊಗರಿ, ತೊಗರಿಯ ಹಿಂದೆ ಇನ್ನೊಬ್ಬರ ಗುಡಿಸಲು. ತೋಟಾದಿಂದ ಹೊರಟ ದಪ್ಪ ಚೆರೆ (ಸಣ್ಣ ಗುಂಡು) ಗುರಿಯ ಅಳತೆ ಮೀರಿದ ಮೇಲೂ ಬಹುದೂರ ಹಾರಿ ಮನುಷ್ಯನನ್ನು ಗಾಯಗೊಳಿಸಬಲ್ಲದು. ಟಾರ್ಚಿನ ಬೆಳಕಿಗೆ ಹೊಳೆಯುವ ಕಣ್ಣು ಹಂದಿಯದೋ, ಕಾವಲಿನ ನಾಯಿಯದೋ, ಕಟ್ಟಿದ ಎತ್ತಿನದೋ ಎಂದು ಕತ್ತಲಲ್ಲಿ ಹೇಳಲಾಗದು. ಬದು ದಾಟುವಾಗ ತೋಟಾ ತೆಗೆಯುವುದು, ನಳಿಗೆಯನ್ನು ಮನುಷ್ಯರತ್ತ ತಿರುಗಿಸದಿರುವುದು, ಹಾರಿಸುವ ಗಳಿಗೆಯವರೆಗೆ ಬೆರಳನ್ನು ಬಂದೂಕಿನ ಕುದುರೆಯಿಂದ (ಟ್ರಿಗರ್) ಹೊರಗಿಡುವುದು, ಗುರಿಯ ಹಿಂದೇನಿದೆ ಎಂದು ತಿಳಿಯದೆ ಹಾರಿಸದಿರುವುದು: ಇಷ್ಟನ್ನು ಪರವಾನಗಿ ಪುಸ್ತಕದ ಜೊತೆಗೇ ಬಾಯಿಪಾಠ ಮಾಡಿಸಬೇಕಿತ್ತು. ಉರುಳು, ಸಿಡಿಮದ್ದಿನ ಉಂಡೆ, ಬೇಲಿಗೆ ನೇರ ಕರೆಂಟು ಕೊಡುವುದು ಇನ್ನೂ ಘೋರವಾದವು. ಅವು ಯಾರನ್ನೂ ನೋಡಿ ಕೊಲ್ಲುವುದಿಲ್ಲ.

ಕಾವಲಿಗೆ ಬಂದೂಕು ಹಿಡಿಯುವವರು ಸಂಜೆಯೇ ಅಕ್ಕಪಕ್ಕದ ಹೊಲದವರಿಗೆ, ಪಟ್ಟಾ ಇರಲಿ ಇಲ್ಲದಿರಲಿ, ಯಾವ ದಿಕ್ಕಿಗೆ ಇರುತ್ತೇವೆಂದು ತಿಳಿಸಬೇಕು. ಯಾರು ಯಾವ ಗುಡಿಸಲಲ್ಲಿ ಮಲಗುತ್ತಾರೆಂದು ಕೇಳಿಕೊಳ್ಳಬೇಕು. ಎಳ್ಳ ಅಮಾವಾಸ್ಯೆಯಂದು ಚರಗ ಚೆಲ್ಲಲು, ಅಂದರೆ ಹೊಲಕ್ಕೆ ನೈವೇದ್ಯ ಎರಚಲು, ಮನೆಮಂದಿಯೆಲ್ಲ ಹೊಲಕ್ಕೆ ಬರುತ್ತಾರೆ, ಹೋಗಬರುವವರನ್ನು ಕರೆದು ಭಜ್ಜಿ ರೊಟ್ಟಿ ಉಣಿಸುತ್ತಾರೆ, ಕೆಲವರು ಮಕ್ಕಳೊಂದಿಗೆ ಕತ್ತಲಾಗುವವರೆಗೂ ಅಲ್ಲೇ ಇರುತ್ತಾರೆ. ಆ ಒಂದು ರಾತ್ರಿಯಾದರೂ ತೋಟಾಗಳು ಮನೆಯ ಕಪಾಟಿನಲ್ಲೇ ಬೀಗದೊಳಗೆ ಇರಲಿ, ಹಂದಿಯನ್ನು ಹಲಗೆ ಬಡಿದು ಓಡಿಸಿದರಾಯಿತು.