ತೋಟದ ನಾಯಿ ಕಾಡಿಗೆ ನುಗ್ಗಿದರೆ ಯಾವ ಜಿಪಿಎಸ್?

ನನ್ನದು ಚಿಕ್ಕಮಗಳೂರು, ಹಾಸನದ ಕಾಫಿ ತೋಟಗಳ ನಕ್ಷೆ ಮಾಡಿಕೊಡುವ ಕೆಲಸ. ಕೊಯ್ಲು ಮುಗಿದ ಮೇಲೆ ಬರುವ ಫೋನುಗಳಲ್ಲಿ "ಸಾರ್, ಕೈಯಲ್ಲಿ ಹಿಡಿಯೋ ಜಿಪಿಎಸ್ ಯಾವುದು ತಗೊಳ್ಳಲಿ?" ಅನ್ನುವ ಪ್ರಶ್ನೆ ಇದ್ದೇ ಇರುತ್ತದೆ. ಈಚೆಗೆ ಮೂಡಿಗೆರೆ ಕಡೆಯ ಬೆಳೆಗಾರರೊಬ್ಬರು ಕೇಳಿದ್ದು ಸ್ವಲ್ಪ ಬೇರೆ. ಅಮೆರಿಕದಲ್ಲಿರುವ ಮಗ ಬರುವಾಗ ನಾಯಿಗೆ ಕಟ್ಟುವ ಜಿಪಿಎಸ್ ಪಟ್ಟಿ ತರ್ತಾನಂತೆ. ಅಲ್ಲಿ ಬೇಟೆಗಾರರು ಅದನ್ನೇ ಬಳಸ್ತಾರಂತೆ. ತರಿಸಲಾ?

ಬೇಟೆ ಮಾತು ಮೊದಲೇ ಮುಗಿಸಿಬಿಡೋಣ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮಲ್ಲಿ ಶಿಕಾರಿ ಅಪರಾಧ. ಹಂದಿ ತೋಟವನ್ನೆಲ್ಲ ಅಗೆದು ಹಾಕಿದ್ದರೂ ನಾಯಿ ಛೂ ಬಿಟ್ಟು ಹೊಡೆಯುವ ಹಾಗಿಲ್ಲ. ಆದರೆ ನಾಯಿಗೆ ಕಾಯ್ದೆ ಗೊತ್ತಿಲ್ಲವಲ್ಲ! ಕಾಡುಕುರಿ ವಾಸನೆ ಸಿಕ್ಕರೆ ಬೇಲಿ ನುಗ್ಗಿ ಹೋಗಿಯೇಬಿಡುತ್ತದೆ. ಸಕಲೇಶಪುರ, ಆಲೂರು ಕಡೆಯವರಿಗೆ ಇನ್ನೊಂದು ಭಯ. ಆನೆಗೆ ಬೊಗಳಿದ ನಾಯಿ ಬಾಲ ಮುದುರಿಕೊಂಡು ಓಡಿ ಬರುವುದು ಯಜಮಾನರ ಕಾಲಬುಡಕ್ಕೇ. ಅದರ ಹಿಂದೆ ಆನೆ. ಹಾಗಾಗಿ ನಾಯಿ ಎಲ್ಲಿದೆ ಅಂತ ದೂರದಿಂದಲೇ ತಿಳಿಯಬೇಕು ಅನ್ನುವ ಆಸೆ ತಪ್ಪಲ್ಲ.

ಬಹಳ ಜನ ಎಡವುವುದು ಇಲ್ಲೇ. ಉಪಗ್ರಹಕ್ಕೆ ನಾಯಿ ಕಾಣುತ್ತದೆ, ಅದು ನಮಗೆ ತೋರಿಸುತ್ತದೆ ಅಂತ ಅಂದುಕೊಂಡಿರುತ್ತಾರೆ. ಹಾಗೇನಿಲ್ಲ. ಸುಮಾರು 20,200 ಕಿಲೋಮೀಟರ್ ಎತ್ತರದ ಉಪಗ್ರಹ ಸುಮ್ನೆ ಹೇಳುತ್ತಾ ಹೋಗುತ್ತದೆ, ಜಿಪಿಎಸ್ ಸುಮ್ನೆ ಕೇಳಿಸಿಕೊಳ್ಳುತ್ತದೆ. ನಾಯಿ ಕುತ್ತಿಗೆಯ ಪಟ್ಟಿಗೆ ತಾನೆಲ್ಲಿದ್ದೇನೆ ಅಂತ ಗೊತ್ತಾಗುತ್ತದೆ, ನಿಮಗಲ್ಲ. ಆ ಸುದ್ದಿ ನಿಮ್ಮ ಕೈಗೆ ಬರಲು ಬೇರೆ ದಾರಿ ಬೇಕು.

ಅಮೆರಿಕದ ಪಟ್ಟಿಗಳಲ್ಲಿ, ಗಾರ್ಮಿನ್ ಕಂಪನಿಯ ಆಲ್ಫಾ ಥರದವುಗಳಲ್ಲಿ, ಆ ದಾರಿ ರೇಡಿಯೋ. 151ರಿಂದ 155 ಮೆಗಾಹರ್ಟ್ಸ್ ನಡುವಿನ ಕೆಲವು ಚಾನೆಲ್‌ಗಳನ್ನು ಅಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದು. ಇಲ್ಲಿ ಹಾಗಲ್ಲ. ಆದ್ದರಿಂದ ಮಗನಿಗೆ ಬೇಡ ಅನ್ನಿ ಅಂದೆ. ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಇನ್‌ರೀಚ್ ಥರದ ಸೆಟ್ಟನ್ನಂತೂ ಅನುಮತಿ ಇಲ್ಲದೆ ತಂದರೆ ವಿಮಾನ ನಿಲ್ದಾಣದಲ್ಲೇ ತೊಂದರೆಗೆ ಸಿಕ್ಕಿಕೊಳ್ಳಬಹುದು.

ಹಾಗಾದರೆ ಉಳಿದದ್ದೇನು? ಸಿಮ್ ಹಾಕುವ ಪಟ್ಟಿ ಇದೆ. ಟವರ್ ಸಿಗುವ ತೋಟದಲ್ಲಿ ಚೆನ್ನಾಗಿಯೇ ನಡೆಯುತ್ತದೆ, ಹಳ್ಳಕ್ಕಿಳಿದರೆ ಬಾಯಿ ಕಟ್ಟುತ್ತದೆ. ತರಿಸುವ ಮುಂಚೆ ನಾಯಿ ಹೋಗುವ ಕಡೆಯೆಲ್ಲ ಫೋನ್ ಹಿಡಿದು ನಡೆದು ನೋಡಿ. ಬ್ಲೂಟೂತ್ ಬಿಲ್ಲೆ ದಂಡ. ಅದಕ್ಕೆ ಸುತ್ತಮುತ್ತ ಜನರ ಫೋನುಗಳು ಓಡಾಡುತ್ತಿರಬೇಕು. ಕಾಡಿನಲ್ಲಿ ಯಾರಿದ್ದಾರೆ? ಮೂರನೆಯದು ಲೋರಾ, ಅಂದರೆ ಕಡಿಮೆ ಶಕ್ತಿಯಲ್ಲಿ ಚಿಕ್ಕ ಸುದ್ದಿಯನ್ನು ದೂರಕ್ಕೆ ಕಳಿಸುವ ರೇಡಿಯೋ. ನಮ್ಮಲ್ಲಿ 865–868 ಮೆಗಾಹರ್ಟ್ಸ್ ಲೈಸೆನ್ಸ್ ಬೇಡದ ಬ್ಯಾಂಡ್, ಅದರಲ್ಲೇ ಓಡುತ್ತದೆ. ಎಲೆಕ್ಟ್ರಾನಿಕ್ಸ್ ಕೈಕೆಲಸ ಗೊತ್ತಿರುವವರು ಯಾರಾದರೂ ಮನೆಯಲ್ಲಿದ್ದರೆ ಪ್ರಯತ್ನಿಸಿ. ಯಾವ ರೇಡಿಯೋ ಆದರೂ ಗುಡ್ಡ ಅಡ್ಡ ಬಂದರೆ ಸುಸ್ತು. ಸಿಗ್ನಲ್ ನಿಂತರೆ ಹಳ್ಳದಲ್ಲಿ ಅಲೆಯಬೇಡಿ, ಮೊದಲು ದಿಬ್ಬ ಹತ್ತಿ.

ಈಗ ನೀವು ಕೈಯಲ್ಲಿ ಹಿಡಿಯುವ ಜಿಪಿಎಸ್ ವಿಚಾರ. ಮರಗಸಿ (ನೆರಳಿನ ಮರಗಳ ಕೊಂಬೆ ಸವರುವುದು) ಆಗದ ತೋಟದಲ್ಲಿ, ಹಾಲುವಾಣ, ಹಲಸು, ಅತ್ತಿಯ ಒದ್ದೆ ಎಲೆಗಳ ಕೆಳಗೆ ಜಿಪಿಎಸ್‌ಗೆ ಅರ್ಧ ಕಿವುಡು. ಕಾಂಡಕ್ಕೆ, ಬಂಡೆಗೆ ಬಡಿದು ಬಂದ ಸಿಗ್ನಲ್ ಬೇರೆ ಸುಳ್ಳು ಹೇಳುತ್ತದೆ. ಅದಕ್ಕೇ ನಾನು ಪರದೆ ದೊಡ್ಡದಿದೆಯಾ, ಬಣ್ಣ ಚೆನ್ನಾಗಿದೆಯಾ ಅಂತ ನೋಡುವುದಿಲ್ಲ. ಆಂಟೆನಾ ನೋಡುತ್ತೇನೆ. ಗಾರ್ಮಿನ್‌ನದೇ ಜಿಪಿಎಸ್‌ಮ್ಯಾಪ್ 65ಎಸ್ ಎರಡು ಬ್ಯಾಂಡ್‌ಗಳಲ್ಲಿ, ಅಂದರೆ 1575.42 ಮತ್ತು 1176.45 ಮೆಗಾಹರ್ಟ್ಸ್‌ನಲ್ಲಿ, ಕೇಳಿಸಿಕೊಳ್ಳುತ್ತದೆ. ಸುಳ್ಳು ಸಿಗ್ನಲ್ ಬೇರ್ಪಡಿಸಲು ಇದು ಅನುಕೂಲ. ಅದೇ ಕಂಪನಿಯ ಇಟ್ರೆಕ್ಸ್ 22ಎಕ್ಸ್ ಒಂದೇ ಬ್ಯಾಂಡ್‌ನದು. ನಾಯಿ ಹಿಂದೆ ಹೋಗಿ ಮನೆಗೆ ವಾಪಸ್ ಬರಲು ಅದೂ ಸಾಕು. ಎರಡಕ್ಕೂ ಎರಡೆರಡು ಎಎ ಸೆಲ್. ಕಂಪನಿ ಲೆಕ್ಕದಲ್ಲಿ ಮೊದಲನೆಯದು 16 ಗಂಟೆ, ಎರಡನೆಯದು 25 ಗಂಟೆ ನಡೆಯುತ್ತದೆ. ಸೆಲ್ ಬದಲಾಯಿಸಬಹುದು ಅನ್ನುವುದೇ ನನಗೆ ದೊಡ್ಡ ವಿಷಯ. ಮಳೆಗಾಲದಲ್ಲಿ ಮೂರು ದಿನ ಕರೆಂಟ್ ಹೋಗುವ ಊರು ನಮ್ಮದು. ಚಾರ್ಜ್ ಮಾಡುವ ಸೆಲ್ ಹಾಕಿದರೆ ಮೆನುವಿನಲ್ಲಿ ಬ್ಯಾಟರಿ ಜಾತಿ ಬದಲಿಸಿ, ಇಲ್ಲದಿದ್ದರೆ ಎಷ್ಟು ಉಳಿದಿದೆ ಅನ್ನುವುದನ್ನು ತಪ್ಪು ತೋರಿಸುತ್ತದೆ.

22ಎಕ್ಸ್‌ನಲ್ಲಿ ದಿಕ್ಸೂಚಿ ಇಲ್ಲ. ನಡೆಯುತ್ತಿದ್ದರೆ ಮಾತ್ರ ದಿಕ್ಕು ತಿಳಿಯುತ್ತದೆ, ನಿಂತರೆ ಬಾಣ ಎತ್ತಲೋ ತಿರುಗುತ್ತದೆ. ನಾಯಿ ಹುಡುಕುವಾಗ ನಾವು ನಿಂತು ಕಿವಿ ಕೊಡುವುದೇ ಜಾಸ್ತಿ ಅಲ್ವಾ? ಹಾಗಾಗಿ ದಿಕ್ಸೂಚಿ ಇರುವ ಇಟ್ರೆಕ್ಸ್ 32ಎಕ್ಸ್ ಅಥವಾ 65ಎಸ್ ಒಳ್ಳೆಯದು. ಟಚ್ ಪರದೆ ಬೇಡವೇ ಬೇಡ. ಒಂದು ಕೈಯಲ್ಲಿ ಇಂಬಳ ಕೀಳುತ್ತಾ, ಒದ್ದೆ ಹೆಬ್ಬೆರಳಲ್ಲಿ ಪರದೆ ಉಜ್ಜಿ ನೋಡಿ, ನಾನು ಹೇಳುವುದು ಗೊತ್ತಾಗುತ್ತದೆ.

ತೋಟಕ್ಕಿಳಿಯುವ ಮೊದಲು ಕಾಫಿ ಕಣದಲ್ಲಿ, ಮೇಲೆ ಬಯಲು ಆಕಾಶ ಇರುವಲ್ಲಿ, ಐದು ನಿಮಿಷ ಆನ್ ಮಾಡಿಡಿ. ಮನೆಯನ್ನು ಅಲ್ಲೇ ಗುರುತು ಹಾಕಿಕೊಳ್ಳಿ. ಪ್ಯಾಂಟ್ ಜೇಬಿಗೆ ಹಾಕಬೇಡಿ, ಹೆಗಲ ಪಟ್ಟಿಗೆ ಸಿಕ್ಕಿಸಿ. ಮೈ ಕೂಡ ಸಿಗ್ನಲ್ ನುಂಗುತ್ತದೆ.

ಒಮ್ಮೆ ನಾನೇ ಪೇಚಿಗೆ ಸಿಕ್ಕಿದ್ದೆ. ತೋಟದ ರೈಟರ್ (ಲೆಕ್ಕ ಬರೆಯುವವರು) ಫೋನಿನಲ್ಲಿ ಅಕ್ಷಾಂಶ "ಹದಿಮೂರು ಇಪ್ಪತ್ತು" ಅಂದರು. ನಾನು 13.20 ಅಂತ ಒತ್ತಿದೆ. ಅವರು ಓದಿದ್ದು 13 ಡಿಗ್ರಿ 20 ನಿಮಿಷ. ಡಿಗ್ರಿಗೆ 60 ನಿಮಿಷ, ಹಾಗಾಗಿ ಅದು 13.33. ಎರಡಕ್ಕೂ ಹೆಚ್ಚು ಕಡಿಮೆ 15 ಕಿಲೋಮೀಟರ್ ವ್ಯತ್ಯಾಸ. ಜೀಪು ಬೇರೆ ಗುಡ್ಡದ ಬುಡಕ್ಕೆ ಹೋಗಿ ನಿಂತಾಗಲೇ ಗೊತ್ತಾದದ್ದು. ಈಗ ಮನೆಯವರ, ರೈಟರ್‌ಗಳ ಫೋನು, ಜಿಪಿಎಸ್ ಎಲ್ಲಕ್ಕೂ ಅಕ್ಷಾಂಶ ತೋರಿಸುವ ಒಂದೇ ಮಾದರಿ ಇಡಿಸುತ್ತೇನೆ. ಡೇಟಮ್, ಅಂದರೆ ಅಕ್ಷಾಂಶ ರೇಖಾಂಶದ ಲೆಕ್ಕಕ್ಕೆ ಹಿಡಿಯುವ ಆಧಾರ, ಡಬ್ಲ್ಯುಜಿಎಸ್ 84 ಇರಲಿ. ಹಳೆಯ ಟೋಪೋಶೀಟಿನ (ಸರ್ವೆ ನಕ್ಷೆಯ) ಎವರೆಸ್ಟ್ ಡೇಟಮ್ ಜೊತೆ ಬೆರೆಸಿದರೆ ನೂರು ಮೀಟರಿಗೂ ಜಾಸ್ತಿ ಆಚೀಚೆ ಆಗುತ್ತದೆ.

ಇನ್ನೊಂದು ಮಾತು. ಜಿಪಿಎಸ್ ಕೊಂಡ ಮರುದಿನವೇ ಪಕ್ಕದ ತೋಟದವರ ಗಡಿ ಅಳೆಯಲು ಹೊರಡುವವರಿದ್ದಾರೆ. ಬಯಲಿನಲ್ಲೇ ಮೂರರಿಂದ ಐದು ಮೀಟರ್ ಹೆಚ್ಚುಕಮ್ಮಿ ತೋರಿಸುವ ಯಂತ್ರ ಇದು. ಗುಂಟೆ ಅಂದರೆ 33 ಅಡಿ ಚೌಕ, ಸುಮಾರು ಹತ್ತು ಮೀಟರ್. ಗಡಿ ಜಗಳಕ್ಕೆ ಸರ್ವೆಯರ್‌ನನ್ನೇ ಕರೆಸಿ.

ಮೂಡಿಗೆರೆಯವರು ಕೊನೆಗೆ 65ಎಸ್ ತರಿಸಿದರು, ನಾಯಿಗೆ ಸಿಮ್ ಪಟ್ಟಿ. ಅದರ ಜೊತೆಗೇ ಹಿತ್ತಾಳೆ ಗಂಟೆಯನ್ನೂ ಕಟ್ಟಿದ್ದಾರೆ. ಟವರ್ ಇಲ್ಲದ ಹಳ್ಳದಲ್ಲಿ ಕೇಳಿಸುವುದು ಅದೊಂದೇ.